ಮಕ್ಕಳ ಗಮನ ಬರೀ 8 ಸೆಕೆಂಡ್? ಶಿಕ್ಷಕರ ಗ್ರೂಪುಗಳಲ್ಲಿ ಓಡಾಡುವ ಐದು ಮಾತುಗಳ ನಿಜ-ಸುಳ್ಳು

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಬೋಧನಾ ಅಭ್ಯಾಸ ಮಾಡುತ್ತಿರುವ ಡಿ.ಎಲ್.ಎಡ್. ವಿದ್ಯಾರ್ಥಿನಿಯೊಬ್ಬರು ಈಚೆಗೆ ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. ಜೊತೆಗೆ ಎರಡು ಸಾಲು: "ಇದು ನಿಜವಾ? ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದಾನೆ, ಅವನ ಬಗ್ಗೆ ಕೇಳಬೇಕಿತ್ತು."

ಫಾರ್ವರ್ಡ್‌ನ ತಲೆಬರಹ "ಪ್ರತಿ ಪೋಷಕರೂ ಶಿಕ್ಷಕರೂ ಓದಲೇಬೇಕಾದ ಸತ್ಯ" ಎಂದಿತ್ತು. ಬರೆದವರ ಹೆಸರಿಲ್ಲ. "ವಿಜ್ಞಾನಿಗಳು ಹೇಳಿದ್ದಾರೆ" ಎಂದಿದೆ, ಯಾವ ವಿಜ್ಞಾನಿಗಳು ಎಂದಿಲ್ಲ. ಅದರಲ್ಲಿದ್ದ ಮುಖ್ಯ ಮಾತುಗಳು ಐದು.

1. ಈಗಿನ ಮಕ್ಕಳ ಗಮನ 8 ಸೆಕೆಂಡ್ ಮಾತ್ರ, ಗೋಲ್ಡ್‌ಫಿಶ್‌ಗಿಂತಲೂ ಕಡಿಮೆ.
2. ಮಗುವಿನ ವಯಸ್ಸನ್ನು 2ರಿಂದ ಗುಣಿಸಿ, ಅಷ್ಟೇ ನಿಮಿಷ ಅದು ಗಮನ ಕೊಡಬಲ್ಲದು.
3. ಗೋಡೆ ತುಂಬ ಬಣ್ಣದ ಚಾರ್ಟ್ ಹಾಕಿದರೆ ಮಕ್ಕಳ ಗಮನ ಹೆಚ್ಚುತ್ತದೆ.
4. ದನಿ ಏರಿಸದ, ಕೋಲು ಹಿಡಿಯದ ಟೀಚರ್ ಮಾತನ್ನು ಮಕ್ಕಳು ಕೇಳುವುದಿಲ್ಲ.
5. ಕೂತಲ್ಲಿ ಕೂರದ, ಹೇಳಿದ್ದನ್ನು ಕೇಳದ ಮಗುವಿಗೆ ಎಡಿಎಚ್‌ಡಿ ಇದೆ.

ಚಿಕ್ಕ ಉತ್ತರ ಇಷ್ಟು: ಮೊದಲೆರಡಕ್ಕೆ ಆಧಾರವಿಲ್ಲ, ಮೂರನೆಯದು ಅರ್ಧಸತ್ಯ, ನಾಲ್ಕನೆಯದು ತಪ್ಪು, ಐದನೆಯದು ಅಪಾಯಕಾರಿ. ಇಂಥ ಫಾರ್ವರ್ಡ್ ಓದಿ ಸುಮ್ಮನಾದರೆ ನಷ್ಟವೇನಿಲ್ಲ. ಆದರೆ ಅದನ್ನು ನಂಬಿದ ಟೀಚರ್ ಆರು ವರ್ಷದ ಮಗುವಿಗೊಂದು ಹಣೆಪಟ್ಟಿ ಕಟ್ಟಿಬಿಟ್ಟರೆ, ಅದು ಹಲವು ವರ್ಷ ಆ ಮಗುವಿನ ಜೊತೆಗೇ ನಡೆಯುತ್ತದೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ನೋಡೋಣ.

ಮೊದಲು, ಗಮನ ಎಂದರೆ ಏನು?

ನಾವು 'ಗಮನ' ಎಂದು ಒಂದೇ ಪದದಲ್ಲಿ ಕರೆಯುವುದರೊಳಗೆ ಕನಿಷ್ಠ ಮೂರು ಕೆಲಸಗಳಿವೆ ಎಂದು ಮನೋವಿಜ್ಞಾನಿ ಮೈಕೆಲ್ ಪೋಸ್ನರ್ 1990ರಲ್ಲಿ ತಮ್ಮ ಸಹೋದ್ಯೋಗಿಯ ಜೊತೆ ವಿವರಿಸಿದರು. ಒಂದು, ಎಚ್ಚರವಾಗಿರುವುದು. ಎರಡು, ಹೊಸ ಸದ್ದು ಅಥವಾ ನೋಟದ ಕಡೆಗೆ ತಿರುಗುವುದು. ಮೂರು, ಬೇರೆ ಸೆಳೆತಗಳನ್ನು ತಡೆದುಕೊಂಡು ಒಂದೇ ಕಡೆ ನಿಲ್ಲುವುದು.

ಮೊದಲೆರಡು ಚಿಕ್ಕ ಮಕ್ಕಳಲ್ಲಿ ಚೆನ್ನಾಗಿಯೇ ಇರುತ್ತವೆ. ತರಗತಿಯ ಹೊರಗೆ ಒಂದು ಟ್ರ್ಯಾಕ್ಟರ್ ಹಾದುಹೋಗಲಿ, ಎಲ್ಲ ತಲೆಗಳೂ ಒಟ್ಟಿಗೆ ಕಿಟಕಿಯತ್ತ ತಿರುಗುತ್ತವೆ. ಮೂರನೆಯದು ಮಾತ್ರ ನಿಧಾನವಾಗಿ ಬೆಳೆಯುವಂಥದ್ದು. ಮೂರರಿಂದ ಏಳು ವರ್ಷದ ನಡುವೆ ಅದು ವೇಗವಾಗಿ ಬೆಳೆಯುತ್ತದೆ, ಆಮೇಲೂ ಬೆಳೆಯುತ್ತಲೇ ಇರುತ್ತದೆ. ಅಂದರೆ ಒಂದನೇ ತರಗತಿಯ ಮಗು ಟ್ರ್ಯಾಕ್ಟರ್ ನೋಡಿದ್ದು ಅವಿಧೇಯತೆಯಿಂದ ಅಲ್ಲ. ತಡೆದುಕೊಳ್ಳುವ ಶಕ್ತಿ ಅದಕ್ಕಿನ್ನೂ ಪೂರ್ತಿ ಬಂದಿರುವುದಿಲ್ಲ.

ಇನ್ನೊಂದು ವಿಷಯ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಮೆದುಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನೇ ಬಿಡುತ್ತದೆ. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಿಲ್ಲ. ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಪಕ್ಕದ ಮನೆಯವರಿಗೆ ಯಂತ್ರದ ಸದ್ದು ಕೇಳಿಸುವುದೇ ಇಲ್ಲ. ಕರೆಂಟ್ ಹೋಗಿ ಸದ್ದು ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತುತ್ತಾರೆ. ದಿನಕ್ಕೆ ಐವತ್ತು ಸಲ "ಸೈಲೆನ್ಸ್!" ಎಂದು ಕೂಗುವ ಟೀಚರ್ ದನಿಯೂ ಮಕ್ಕಳಿಗೆ ಆ ಯಂತ್ರದ ಸದ್ದಿನ ಹಾಗೆಯೇ ಆಗಿಬಿಡುತ್ತದೆ.

ಮಾತು 1: "ಗಮನ 8 ಸೆಕೆಂಡ್, ಗೋಲ್ಡ್‌ಫಿಶ್‌ಗಿಂತ ಕಡಿಮೆ"

ತೀರ್ಪು: ಆಧಾರವಿಲ್ಲ.

ಈ ಸಂಖ್ಯೆ ಜಗತ್ತಿನಾದ್ಯಂತ ಹರಡಿದ್ದು 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾ ಹೊರತಂದ ಒಂದು ವರದಿಯಿಂದ. 2000ದಲ್ಲಿ ಮನುಷ್ಯರ ಗಮನ 12 ಸೆಕೆಂಡ್ ಇತ್ತು, 2013ರಲ್ಲಿ 8ಕ್ಕೆ ಇಳಿಯಿತು, ಗೋಲ್ಡ್‌ಫಿಶ್‌ನದು 9 ಸೆಕೆಂಡ್ ಎಂದು ಅದರಲ್ಲಿತ್ತು. ಆ ವರದಿ ಇದ್ದದ್ದು ಜಾಹೀರಾತು ಕೊಡುವವರಿಗಾಗಿ, ಗ್ರಾಹಕರ ಬಗ್ಗೆ. ಒಂದನೇ ತರಗತಿಯ ಮಕ್ಕಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಅಂಕಿಗಳನ್ನು ಮೈಕ್ರೋಸಾಫ್ಟ್ ಸ್ವತಃ ಅಳೆದದ್ದೂ ಅಲ್ಲ, ಅಂಕಿ-ಅಂಶ ಒಟ್ಟುಗೂಡಿಸುವ ಒಂದು ವೆಬ್‌ಸೈಟಿನಿಂದ ತೆಗೆದುಕೊಂಡದ್ದು. 2017ರಲ್ಲಿ ಬಿಬಿಸಿ ಆ ವೆಬ್‌ಸೈಟ್ ಹೆಸರಿಸಿದ್ದ ಮೂಲಗಳನ್ನು ಸಂಪರ್ಕಿಸಿ ಕೇಳಿದಾಗ ಈ ಸಂಖ್ಯೆಗೆ ಯಾವ ಸಂಶೋಧನೆಯೂ ಸಿಗಲಿಲ್ಲ.

ಪಾಪ, ಗೋಲ್ಡ್‌ಫಿಶ್ ಬಗ್ಗೆ ಹೇಳಿದ್ದೂ ಸುಳ್ಳೇ. ಅದಕ್ಕೆ ತರಬೇತಿ ಕೊಡಬಹುದು, ಕಲಿತದ್ದನ್ನು ಅದು ವಾರಗಟ್ಟಲೆ ನೆನಪಿಡುತ್ತದೆ. ಮೀನುಗಳು ಕಲಿಯುವ ಬಗೆಯನ್ನು ತಿಳಿಯಲು ವಿಜ್ಞಾನಿಗಳು ದಶಕಗಳಿಂದ ಬಳಸುತ್ತಿರುವುದೇ ಗೋಲ್ಡ್‌ಫಿಶ್ ಅನ್ನು.

"ಹಾಗಾದರೆ ಮೊಬೈಲ್‌ನಿಂದ ಏನೂ ಆಗಿಲ್ಲವೇ?" ಎಂದು ನೀವು ಕೇಳಬಹುದು. ಹೆಚ್ಚು ಹೊತ್ತು ಪರದೆ ನೋಡುವ ಮಕ್ಕಳಲ್ಲಿ ಗಮನದ ತೊಂದರೆ ಸ್ವಲ್ಪ ಹೆಚ್ಚು ಕಾಣುತ್ತದೆ ಎನ್ನುವ ಅಧ್ಯಯನಗಳಿವೆ. ಆದರೆ ಪರದೆಯಿಂದ ಚಂಚಲತೆ ಬಂತೋ, ಚಂಚಲ ಮಗುವಿಗೆ ಮನೆಯವರು ಮೊಬೈಲ್ ಹೆಚ್ಚು ಕೊಟ್ಟರೋ ಎನ್ನುವುದನ್ನು ಬೇರ್ಪಡಿಸುವುದು ಕಷ್ಟ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಿ ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದನ್ನು ಪಾಲಿಸುವುದು ಒಳ್ಳೆಯದು. ಅದಕ್ಕೆ 8 ಸೆಕೆಂಡಿನ ಕಥೆ ಬೇಕಿಲ್ಲ.

ಮಾತು 2: "ವಯಸ್ಸು × 2 ನಿಮಿಷ"

ತೀರ್ಪು: ಸೂತ್ರಕ್ಕೆ ಆಧಾರವಿಲ್ಲ, ಹಿಂದಿರುವ ಕಾಳಜಿ ಸರಿ.

ಕೆಲವು ಫಾರ್ವರ್ಡ್‌ಗಳಲ್ಲಿ 2, ಕೆಲವದರಲ್ಲಿ 3, ಇನ್ನು ಕೆಲವದರಲ್ಲಿ 5ರಿಂದ ಗುಣಿಸಲು ಹೇಳಿರುತ್ತಾರೆ. ಆರು ವರ್ಷದ ಮಗುವಿಗೆ ಒಂದು ಲೆಕ್ಕದಲ್ಲಿ 12 ನಿಮಿಷ, ಇನ್ನೊಂದರಲ್ಲಿ 30 ನಿಮಿಷ! ಇಷ್ಟು ವ್ಯತ್ಯಾಸ ಬರುವುದನ್ನು ಅಳತೆ ಎನ್ನಲಾಗದು. ಚಿಕ್ಕ ಮಕ್ಕಳಿಗೆ ಒಂದೇ ಚಟುವಟಿಕೆಯನ್ನು ಎಳೆಯಬೇಡಿ, ಆಗಾಗ ಬದಲಿಸಿ ಎನ್ನುವ ಸಲಹೆಯಷ್ಟೇ ಇದರಲ್ಲಿ ಉಪಯುಕ್ತ.

ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಮಗುವಿನ ವಯಸ್ಸಿನ ಜೊತೆಗೆ ಕೆಲಸದ ಮೇಲೂ ನಿಂತಿದೆ. ಏನು ಮಾಡಬೇಕು ಎಂದು ತಿಳಿದಿದೆಯೇ? ಅದು ತೀರಾ ಸುಲಭವೂ ತೀರಾ ಕಷ್ಟವೂ ಆಗದೆ ನಡುವೆ ಇದೆಯೇ? ಕೈಗೆ ಕೆಲಸವಿದೆಯೇ? ಆ ವಿಷಯ ಮೊದಲೇ ಸ್ವಲ್ಪ ಗೊತ್ತೇ? ಇವೆಲ್ಲ ಸೇರಿ ಗಮನವನ್ನು ಹಿಡಿದಿಡುತ್ತವೆ. ರೇಷ್ಮೆ ಸಾಕುವ ಮನೆಯಲ್ಲಿ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವಾಗ ಪಕ್ಕದಲ್ಲಿ ಕೂತ ಮಗುವನ್ನು ನೋಡಿ. ಅಕ್ಷರ ತಿದ್ದಲು ಐದು ನಿಮಿಷ ಕೂರದ ಮಗು ಅಲ್ಲಿ ಎಷ್ಟೋ ಹೊತ್ತು ಅಲುಗಾಡದೆ ಕೂತಿರುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿರುವ ನಲಿ-ಕಲಿ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ಅದರ ಬೇರು ಚಿಕ್ಕಬಳ್ಳಾಪುರ ಜಿಲ್ಲೆಗೆ ತೀರಾ ದೂರವೂ ಅಲ್ಲ. ಚಿಂತಾಮಣಿಯಿಂದ ಆಚೆ ಆಂಧ್ರದ ಗಡಿ ದಾಟಿದರೆ ಮದನಪಲ್ಲಿ, ಅದರ ಬಳಿ ರಿಷಿ ವ್ಯಾಲಿ. ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಹೋಗಿ ಅದನ್ನು ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಅಲ್ಲಿ ನಲಿ-ಕಲಿ ಶುರುವಾಯಿತು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಬಂತು.

ನಲಿ-ಕಲಿ ಕೋಣೆಯಲ್ಲಿ ಬೆಂಚಿಲ್ಲ. ಮಕ್ಕಳು ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಸ್ವಲ್ಪ ಬೆಂಬಲ, ಮತ್ತೊಂದರಲ್ಲಿ ಗೆಳೆಯರೇ ಕಲಿಸುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ತಾನು ಎಲ್ಲಿದ್ದೇನೆ, ಮುಂದೆ ಯಾವ ಕಾರ್ಡ್ ತೆಗೆಯಬೇಕು ಎನ್ನುವುದನ್ನು ಮಗು ಕಲಿಕಾ ಏಣಿಯಲ್ಲಿ ನೋಡಿಕೊಳ್ಳುತ್ತದೆ. ಇಲ್ಲಿ 40 ಮಕ್ಕಳ ಕಣ್ಣು ದಿನವಿಡೀ ಟೀಚರ್ ಮೇಲೆಯೇ ಇರಬೇಕು ಎನ್ನುವ ನಿರೀಕ್ಷೆ ಇಲ್ಲ. ಹಾಗಾಗಿ ಹೊಸ ಟೀಚರ್ ತಲೆಯಲ್ಲಿ "ಎಲ್ಲರ ಗಮನವನ್ನೂ ಹೇಗೆ ಸೆಳೆಯಲಿ?" ಎನ್ನುವುದರ ಜೊತೆಗೆ "ಯಾವಾಗ ಎಲ್ಲರ ಗಮನ ಬೇಕು, ಯಾವಾಗ ಬೇಡ?" ಎನ್ನುವ ಪ್ರಶ್ನೆಯೂ ಇರಬೇಕು.

ಮಾತು 3: "ಗೋಡೆ ತುಂಬ ಚಾರ್ಟ್ ಹಾಕಿ"

ತೀರ್ಪು: ಅರ್ಧಸತ್ಯ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದನ್ನು ಪರೀಕ್ಷಿಸಿದರು. 24 ಶಿಶುವಿಹಾರದ ಮಕ್ಕಳಿಗೆ ಆರು ವಿಜ್ಞಾನ ಪಾಠ ಮಾಡಲಾಯಿತು. ಮೂರು ಪಾಠ ಗೋಡೆ ತುಂಬ ಚಿತ್ರಗಳಿದ್ದ ಕೋಣೆಯಲ್ಲಿ, ಮೂರು ಖಾಲಿ ಗೋಡೆಯ ಕೋಣೆಯಲ್ಲಿ. ಅಲಂಕರಿಸಿದ ಕೋಣೆಯಲ್ಲಿ ಪಾಠದ ಸಮಯದ ಸುಮಾರು 39% ಹೊತ್ತು ಮಕ್ಕಳ ಗಮನ ಬೇರೆಡೆ ಇತ್ತು, ಖಾಲಿ ಕೋಣೆಯಲ್ಲಿ ಸುಮಾರು 28%. ಪಾಠದ ನಂತರದ ಪ್ರಶ್ನೆಗಳಿಗೆ ಅಲಂಕರಿಸಿದ ಕೋಣೆಯಲ್ಲಿ 42% ಸರಿ ಉತ್ತರ, ಖಾಲಿ ಕೋಣೆಯಲ್ಲಿ 55%.

ಹಾಗೆಂದು ಎಲ್ಲ ಚಾರ್ಟುಗಳನ್ನೂ ಇವತ್ತೇ ಕಿತ್ತುಹಾಕಬೇಡಿ. ಇದು ಎರಡು ವಾರದ, ಚಿಕ್ಕ ಸಂಖ್ಯೆಯ ಮಕ್ಕಳ ಪ್ರಯೋಗ. ಅಲ್ಲಿದ್ದದ್ದು ಆ ಪಾಠಗಳಿಗೆ ಸಂಬಂಧವಿಲ್ಲದ ಚಿತ್ರಗಳು. ನಲಿ-ಕಲಿಯ ಚಪ್ಪರದಲ್ಲಿ ತೂಗುವುದು ಮಕ್ಕಳೇ ಮಾಡಿದ ಚಿತ್ರ, ಗೋಡೆಯ ಕೆಳಗಿನ ಕಪ್ಪುಹಲಗೆ ಮಕ್ಕಳು ಬರೆಯಲು ಇರುವುದು, ಹವಾಮಾನ ನಕ್ಷೆಯಲ್ಲಿ ದಿನವೂ ಗುರುತು ಹಾಕುವುದು ಮಕ್ಕಳು. ಬಳಸುವ ವಸ್ತು ಬೇರೆ, ಬರೀ ಅಲಂಕಾರ ಬೇರೆ.

ಅಭ್ಯಾಸ ಪಾಠಕ್ಕೆಂದು ರಾತ್ರಿಯೆಲ್ಲ ಕೂತು ಥರ್ಮೋಕೋಲ್, ಗ್ಲಿಟರ್ ಅಂಟಿಸುವ ವಿದ್ಯಾರ್ಥಿ-ಶಿಕ್ಷಕರಿಗೆ ನಮ್ಮ ಸಲಹೆ ಇಷ್ಟೇ. ಬೇಕಾದ ಒಂದು ಚಾರ್ಟ್ ಮಾಡಿ. ಅದನ್ನು ಮೊದಲೇ ನೇತು ಹಾಕಬೇಡಿ. ಅದರ ಬಗ್ಗೆ ಮಾತಾಡುವ ಹೊತ್ತಿಗೆ ತೆರೆದು ತೋರಿಸಿ, ಮುಗಿದ ಮೇಲೆ ಮಡಚಿಡಿ. ಉಳಿಸಿದ ರಾತ್ರಿ ನಿದ್ದೆ ಮಾಡಿ.

ಮಾತು 4: "ದನಿ ಏರಿಸಬೇಕು, ಕೋಲು ಹಿಡಿಯಬೇಕು"

ತೀರ್ಪು: ತಪ್ಪು. ಕೋಲಿನ ವಿಷಯದಲ್ಲಿ ಕಾನೂನುಬಾಹಿರವೂ ಹೌದು.

1968ರಲ್ಲಿ ಅಮೆರಿಕದ ಒಂದನೇ ತರಗತಿಯೊಂದರಲ್ಲಿ ಸ್ವಾರಸ್ಯಕರ ಪ್ರಯೋಗ ನಡೆಯಿತು. 48 ಮಕ್ಕಳು, ಇಬ್ಬರು ಶಿಕ್ಷಕರು. ಮಕ್ಕಳು ಎದ್ದು ಓಡಾಡಿದಾಗಲೆಲ್ಲ "ಕೂತ್ಕೊಳ್ಳಿ" ಎಂದು ಹೇಳುವುದನ್ನು ಹೆಚ್ಚಿಸಲು ಶಿಕ್ಷಕರಿಗೆ ತಿಳಿಸಲಾಯಿತು. ಏನಾಯಿತು ಗೊತ್ತೇ? ಎದ್ದು ಓಡಾಡುವವರ ಸಂಖ್ಯೆ ಇನ್ನೂ ಹೆಚ್ಚಾಯಿತು! ಆಮೇಲೆ ಶಿಕ್ಷಕರು ಕೂತು ಕೆಲಸ ಮಾಡುತ್ತಿದ್ದ ಮಕ್ಕಳನ್ನು ಗುರುತಿಸಿ ಮೆಚ್ಚತೊಡಗಿದರು. ಓಡಾಟ ಕಡಿಮೆಯಾಯಿತು. ಕಾರಣ ಸರಳ. ಮಗುವಿಗೆ ಬೇಕಾದದ್ದು ಟೀಚರ್ ತನ್ನ ಕಡೆ ನೋಡುವುದು. ಎದ್ದರೆ ನೋಡುತ್ತಾರೆ ಎಂದಾದರೆ ಅದು ಏಳುತ್ತದೆ, ಕೂತರೆ ನೋಡುತ್ತಾರೆ ಎಂದಾದರೆ ಕೂರುತ್ತದೆ.

1970ರ ಇನ್ನೊಂದು ಅಧ್ಯಯನ ಗದರಿಕೆಯ ದನಿಯನ್ನೇ ಪರೀಕ್ಷಿಸಿತು. ಇಡೀ ತರಗತಿಗೆ ಕೇಳುವಂತೆ ಗದರುವುದಕ್ಕಿಂತ, ಹತ್ತಿರ ಹೋಗಿ ಆ ಮಗುವಿಗಷ್ಟೇ ಕೇಳುವಂತೆ ಮೆಲ್ಲನೆ ಹೇಳಿದಾಗ ಗಲಾಟೆ ಕಡಿಮೆಯಾಯಿತು. ಅದೇ ವರ್ಷ ಜೇಕಬ್ ಕೂನಿನ್ ಎಂಬ ಸಂಶೋಧಕರು ತರಗತಿಗಳ ವಿಡಿಯೋ ನೋಡಿ ಬರೆದ ಪುಸ್ತಕ ಬಂತು. ಒಳ್ಳೆಯ ಹಿಡಿತವಿದ್ದ ಶಿಕ್ಷಕರಿಗೂ ಇಲ್ಲದ ಶಿಕ್ಷಕರಿಗೂ, ಗಲಾಟೆ ಆದ ಮೇಲೆ ಅವರು ಗದರುವ ರೀತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆಗೆ ಮೊದಲು. ಹಿಡಿತವಿದ್ದವರು ಕೋಣೆಯ ಮೂಲೆ ಮೂಲೆಯಲ್ಲಿ ಏನಾಗುತ್ತಿದೆ ಎಂದು ತಿಳಿದಿರುತ್ತಿದ್ದರು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ತಡವರಿಸುತ್ತಿರಲಿಲ್ಲ.

ಇನ್ನು ಕೋಲು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಬದಿಗಿಟ್ಟು ನೋಡಿದರೂ ಕೋಲಿನಿಂದ ಸಿಗುವುದು ಮೌನ ಅಷ್ಟೇ. ಹೆದರಿದ ಮಗು ನೋಡುವುದು ಟೀಚರ್ ಕೈಯನ್ನು, ಕಪ್ಪುಹಲಗೆಯನ್ನಲ್ಲ.

ಮೌನವನ್ನೇ ಗಮನ ಎಂದುಕೊಳ್ಳುವ ಇನ್ನೊಂದು ಅಭ್ಯಾಸ ನಮ್ಮೆಲ್ಲರಿಗೂ ಪರಿಚಿತ. "ಅರ್ಥ ಆಯ್ತಾ ಮಕ್ಕಳೇ?" "ಆಯ್ತು ಮಿಸ್!" ನಲವತ್ತು ಬಾಯಿ, ಒಂದೇ ರಾಗ. ಅರ್ಥವಾಗದ ಮಗು ಕೂಡ ರಾಗ ಕಲಿತಿರುತ್ತದೆ.

ಹಾಗಾದರೆ ನಾಳೆ ತರಗತಿಯಲ್ಲಿ ಏನು ಮಾಡುವುದು?

ಆ ವಿದ್ಯಾರ್ಥಿನಿ ನಮ್ಮಲ್ಲಿ ಕೇಳಿದ್ದು ಇದನ್ನೇ. ಮೇಲಿನ ಅಧ್ಯಯನಗಳಿಂದಲೂ ಅನುಭವಿ ಶಿಕ್ಷಕರ ರೂಢಿಯಿಂದಲೂ ತೆಗೆದ ಏಳು ವಿಷಯಗಳು ಇಲ್ಲಿವೆ. ದುಡ್ಡು ಖರ್ಚಿಲ್ಲ.

1. ಒಂದೇ ಸಂಕೇತ ಇಟ್ಟುಕೊಳ್ಳಿ. ಚಪ್ಪಾಳೆಯ ಒಂದು ತಾಳ, ಪುಟ್ಟ ಗಂಟೆ ಅಥವಾ ಎತ್ತಿದ ಕೈ, ಯಾವುದಾದರೂ ಸರಿ. ನೀವು ತಾಳ ಹಾಕಿದರೆ ಮಕ್ಕಳು ಅದನ್ನೇ ಹಾಕಿ ಕೈ ಕಟ್ಟಬೇಕು ಎನ್ನುವುದನ್ನು ಮೊದಲ ದಿನ ಆಟದಂತೆ ಐದಾರು ಸಲ ಮಾಡಿಸಿ. ಮಕ್ಕಳಿಗೆ ಸಂಕೇತವನ್ನೂ ಕಲಿಸಬೇಕು, ಅದು ತಾನಾಗಿ ಬರುವುದಿಲ್ಲ. ದಿನಕ್ಕೆ ಕೆಲವೇ ಸಲ ಬಳಸಿ, ಇಲ್ಲವಾದರೆ ಅದೂ ಯಂತ್ರದ ಸದ್ದಾಗುತ್ತದೆ.

2. ಸಂಕೇತ ಕೊಟ್ಟ ಮೇಲೆ ನಿಂತು ಕಾಯಿರಿ. ಓಡಾಡಬೇಡಿ, ಗದ್ದಲದ ಮೇಲೆ ಮಾತಾಡಬೇಡಿ. ಗದ್ದಲದಲ್ಲೇ ಪಾಠ ಶುರು ಮಾಡಿದರೆ ಗದ್ದಲವಿದ್ದರೂ ಪಾಠ ನಡೆಯುತ್ತದೆ ಎಂದು ನೀವೇ ಕಲಿಸಿದಂತೆ.

3. ಬೇಡದ್ದನ್ನು ಬಿಟ್ಟು ಬೇಕಾದದ್ದನ್ನು ಹೇಳಿ. "ಗಲಾಟೆ ಮಾಡಬೇಡಿ" ಎಂದರೆ ಮಗುವಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. "ಸ್ಲೇಟ್ ತೆಗೆದು ಮಡಿಲಲ್ಲಿ ಇಡಿ" ಎಂದರೆ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ. ನಾಲ್ಕು ಸೂಚನೆ ಒಟ್ಟಿಗೆ ಕೊಟ್ಟರೆ ಕೊನೆಯದಷ್ಟೇ ನೆನಪಿರುತ್ತದೆ.

4. ಮಾಡಿದವರನ್ನು ಗುರುತಿಸಿ. "ಹಿಂದಿನ ಸಾಲಿನವರು ಆಗಲೇ ಸ್ಲೇಟ್ ತೆಗೆದಿದ್ದಾರೆ." ಅಷ್ಟು ಸಾಕು. ಚಾಕಲೇಟ್ ಬೇಡ.

5. ಮೊದಲು ಪ್ರಶ್ನೆ, ಆಮೇಲೆ ಹೆಸರು. ಹೆಸರು ಮೊದಲು ಹೇಳಿದರೆ ಉಳಿದವರು ನಿರಾಳವಾಗಿ ಕಿಟಕಿಗೆ ತಿರುಗುತ್ತಾರೆ. ಪ್ರಶ್ನೆಗೂ ಹೆಸರಿಗೂ ನಡುವೆ ಕನಿಷ್ಠ ಮೂರು ಸೆಕೆಂಡ್ ಬಿಡಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು. ಮೂರು ಸೆಕೆಂಡ್ ನಿಮಗೆ ಒಂದು ಯುಗದಂತೆ ಅನಿಸುತ್ತದೆ. ಕಾಯಿರಿ.

6. ಮೈ ಅಲುಗಾಡಲು ಬಿಡಿ. ಎರಡು ಚಟುವಟಿಕೆಗಳ ನಡುವೆ ಅಭಿನಯದ ಶಿಶುಗೀತೆ, ಎದ್ದು ನಿಂತು ಎಣಿಸುವ ಆಟ. ಇಂಥ ಚಿಕ್ಕ ಬಿಡುವಿನ ನಂತರ ಮಕ್ಕಳು ಕೆಲಸದಲ್ಲಿ ಹೆಚ್ಚು ನಿಲ್ಲುತ್ತಾರೆ ಎಂದು ಹಲವು ಅಧ್ಯಯನಗಳು ಹೇಳಿವೆ.

7. "ಅರ್ಥ ಆಯ್ತಾ?" ಬದಲು "ತೋರಿಸು" ಎನ್ನಿ. ಐದು ಕಲ್ಲು ಎಣಿಸಿ ಇಡು, ಚಿತ್ರದ ಮೇಲೆ ಬೆರಳಿಡು, ಗೆಳತಿಗೆ ಹೇಳು. ಆಗ ಯಾರ ಗಮನ ಎಲ್ಲಿತ್ತು ಎಂದು ನಿಮಗೇ ಕಾಣುತ್ತದೆ.

ಇದೆಲ್ಲ ಮೊದಲ ದಿನವೇ ಫಲಿಸುವುದಿಲ್ಲ. ಹೊಸ ಮುಖವನ್ನು ಮಕ್ಕಳು ಪರೀಕ್ಷಿಸಿಯೇ ಪರೀಕ್ಷಿಸುತ್ತಾರೆ. ಅದು ನಿಮ್ಮ ಸೋಲಲ್ಲ.

ಮಾತು 5: "ಕೂರದ ಮಗುವಿಗೆ ಎಡಿಎಚ್‌ಡಿ"

ತೀರ್ಪು: ಹೀಗೆ ಹೇಳುವುದು ಅಪಾಯಕಾರಿ.

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಒಂದನೇ ತರಗತಿ, ಹಿಂದಿನ ಮೂಲೆ. ಕರೆದರೆ ತಿರುಗುವುದಿಲ್ಲ, ಸೂಚನೆ ಕೊಟ್ಟರೆ ಪಕ್ಕದವನನ್ನು ನೋಡಿ ಮಾಡುತ್ತಾನೆ, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಾನೆ. ಫಾರ್ವರ್ಡ್ ಓದಿದ ಪರಿಚಿತರೊಬ್ಬರು "ಅದೇ ಎಡಿಎಚ್‌ಡಿ, ಅವನ ಮೇಲೆ ಟೈಮ್ ವೇಸ್ಟ್ ಮಾಡಬೇಡ" ಎಂದಿದ್ದರಂತೆ.

ಎಡಿಎಚ್‌ಡಿ ನಿಜವಾದ ಸ್ಥಿತಿ. ಜಗತ್ತಿನಲ್ಲಿ ಸುಮಾರು 5% ಮಕ್ಕಳಲ್ಲಿ ಅದು ಇರಬಹುದು ಎಂಬ ಅಂದಾಜಿದೆ. ಇರುವ ಮಕ್ಕಳಿಗೆ ನೆರವು ಸಿಗಲೇಬೇಕು, ಅದನ್ನು ಸೋಮಾರಿತನ ಎಂದು ಬೈಯುವುದೂ ತಪ್ಪು. ಆದರೆ ಅದನ್ನು ಗುರುತಿಸುವುದು ತರಬೇತಿ ಪಡೆದ ವೈದ್ಯರ ಕೆಲಸ. ಹಲವು ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ-ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬೇರೆ ಕಾರಣಗಳು ಇಲ್ಲವೆಂದು ನೋಡಿರಬೇಕು. ಶಾಲೆಯಲ್ಲಷ್ಟೇ, ಒಂದು ಪಿರಿಯಡ್‌ನಲ್ಲಷ್ಟೇ ಕಾಣುವುದು ಸಾಲದು.

ಹಣೆಪಟ್ಟಿಯ ಅಪಾಯಕ್ಕೆ ಒಂದು ಉದಾಹರಣೆ. ಅಮೆರಿಕದಲ್ಲಿ ಸೆಪ್ಟೆಂಬರ್ 1ಕ್ಕೆ ವಯಸ್ಸಿನ ಗಡಿ ಇರುವ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಗು ತರಗತಿಯಲ್ಲೇ ಕಿರಿಯದು, ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಹಿರಿಯದು. 2018ರ ಅಧ್ಯಯನವೊಂದರಲ್ಲಿ ಆಗಸ್ಟ್ ಮಕ್ಕಳಲ್ಲಿ ಎಡಿಎಚ್‌ಡಿ ಎಂದು ಗುರುತಿಸಿದ ಪ್ರಮಾಣ 34% ಹೆಚ್ಚಿತ್ತು. ಹುಟ್ಟಿದ ತಿಂಗಳಿನಿಂದ ರೋಗ ಬರುವುದಿಲ್ಲ. ಕಿರಿಯ ಮಗುವಿನ ಎಳೆತನವೇ ರೋಗದಂತೆ ಕಂಡಿತ್ತು. ನಮ್ಮಲ್ಲೂ ಒಂದೇ ಕೋಣೆಯಲ್ಲಿ ವಯಸ್ಸಿನಲ್ಲಿ ಕಿರಿಯ ಮಗುವೂ ಹಿರಿಯ ಮಗುವೂ ಇರುತ್ತವೆ.

ಹಾಗಾಗಿ ನಾವು ಆ ವಿದ್ಯಾರ್ಥಿನಿಗೆ ನಾಲ್ಕು ವಿಷಯ ನೋಡಲು ಹೇಳಿದೆವು.

ಭಾಷೆ. ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಿಡ್ಲಘಟ್ಟ ಪೇಟೆಯ ಬಹಳಷ್ಟು ರೀಲರ್ ಕುಟುಂಬಗಳಲ್ಲಿ ಉರ್ದು. ಟೀಚರ್ ಮಾತಾಡುವುದು ಪುಸ್ತಕದ ಕನ್ನಡ. ಅರ್ಥವಾಗದ ಮಾತಿಗೆ ಯಾರೂ ಹೆಚ್ಚು ಹೊತ್ತು ಗಮನ ಕೊಡಲಾರರು, ದೊಡ್ಡವರೂ ಕೂಡ. ಪಕ್ಕದವನನ್ನು ನೋಡಿ ಮಾಡುವುದು ಎಷ್ಟೋ ಸಲ ಗಮನವಿಲ್ಲದ್ದರ ಗುರುತಲ್ಲ, ತುಂಬಾ ಗಮನ ಇಟ್ಟಿದ್ದರ ಗುರುತು. ಮಾತು ತಿಳಿಯದ ಮಗುವಿಗೆ ಇರುವ ದಾರಿ ಅದೊಂದೇ. ಮಗುವಿನ ಶಿಕ್ಷಣ ಮನೆಮಾತಿನಿಂದ ಶುರುವಾಗಬೇಕು ಎಂದು ಯುನೆಸ್ಕೋ 1953ರಲ್ಲೇ ಹೇಳಿತ್ತು.

ಕಿವಿ ಮತ್ತು ಕಣ್ಣು. ಕಿವಿ ಸೋರುವುದು, ಪದೇ ಪದೇ ಶೀತ ಆಗಿ ಕಿವಿಯೊಳಗೆ ನೀರು ತುಂಬುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ. ಆಗ ಸ್ವಲ್ಪ ಕಾಲ ಕೇಳುವುದು ಮಂದವಾಗುತ್ತದೆ. ಮಗುವಿನ ಬೆನ್ನ ಹಿಂದೆ ನಿಂತು ಸಾಮಾನ್ಯ ದನಿಯಲ್ಲಿ ಹೆಸರು ಕರೆದು ನೋಡಿ, ಅನುಮಾನವಿದ್ದರೆ ಪರೀಕ್ಷೆಗೆ ಕಳಿಸಿ. ಮಕ್ಕಳಲ್ಲಿನ ಶ್ರವಣದೋಷದಲ್ಲಿ ಸುಮಾರು 60% ತಡೆಯಬಹುದಾದ ಕಾರಣಗಳಿಂದ ಬಂದದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲಿನ ಸುಮಾರು ಒಂದು ವಾರದಲ್ಲಿ ತನ್ನ ಜೀವಮಾನದ ಸೊಪ್ಪಿನ 80%ಕ್ಕೂ ಹೆಚ್ಚು ತಿನ್ನುತ್ತದೆ. ಆ ವಾರ ಮನೆಯ ದೊಡ್ಡವರಿಗೆ ಸರಿಯಾಗಿ ನಿದ್ದೆಯಿಲ್ಲ, ಮಕ್ಕಳದೂ ಕೆಟ್ಟಿರಬಹುದು. ನಿದ್ದೆಗೆಟ್ಟ ಚಿಕ್ಕ ಮಗು ಯಾವಾಗಲೂ ತೂಕಡಿಸುವುದಿಲ್ಲ. ಅದು ರಚ್ಚೆ ಹಿಡಿಯುತ್ತದೆ, ಓಡಾಡುತ್ತದೆ.

ಹಸಿವು ಮತ್ತು ರಕ್ತಹೀನತೆ. ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ 65.5% ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥ ಮಕ್ಕಳೇ ಆಮೇಲೆ ಒಂದನೇ ತರಗತಿಗೆ ಬರುವುದು. ಶಾಲೆಯ ಹಾಲು, ಬಿಸಿಯೂಟ, ಕಬ್ಬಿಣಾಂಶದ ಮಾತ್ರೆ ಕೂಡ ಗಮನದ ಪಾಠದ ಭಾಗವೇ.

ಇಷ್ಟು ನೋಡಿದ ಮೇಲೂ ಅನುಮಾನ ಉಳಿದರೆ ದಾರಿಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗಳಿಗೆ ಬರುತ್ತದೆ, ಮುಖ್ಯ ಶಿಕ್ಷಕರ ಮೂಲಕ ಆ ಮಗುವನ್ನು ತೋರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಸಲಹೆಗೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಜಾಹೀರಾತಿನಲ್ಲಿ ಬರುವ 'ಬುದ್ಧಿ ಟಾನಿಕ್' ಕೊಡಬೇಡಿ.

ಮತ್ತೆ ಆ ಹುಡುಗ

ಎರಡು ವಾರದ ನಂತರ ಅವರ ಸಂದೇಶ ಬಂತು. ಚಿಟ್ಟೆಯ ಜೀವನಚಕ್ರದ ಪಾಠ ಮಾಡುವಾಗ ಅವರು ರೇಷ್ಮೆ ಹುಳುವಿನ ಚಿತ್ರ ತೆರೆದು ತೋರಿಸಿ, ಅದನ್ನು ತೆಲುಗಿನಲ್ಲಿ "ಪಟ್ಟುಪುರುಗು" ಎಂದರಂತೆ. ಹಿಂದಿನ ಮೂಲೆಯಿಂದ ಆ ಹುಡುಗ ಎದ್ದು ಬಂದ. ಹುಳು ಯಾವಾಗ ಸೊಪ್ಪು ಬಿಡುತ್ತದೆ, ಜ್ವರಕ್ಕೆ ಹೇಗೆ ತಲೆ ಎತ್ತಿ ಕೂರುತ್ತದೆ, ಚಂದ್ರಿಕೆಗೆ ಯಾವಾಗ ಹಾಕಬೇಕು ಎಂದು ತೆಲುಗು ಕನ್ನಡ ಸೇರಿಸಿ ಹೇಳಿದ. ಉಳಿದ ಮಕ್ಕಳು ಸದ್ದಿಲ್ಲದೆ ಕೇಳಿದರು. ಆ ದಿನ ಅವರು ಚಪ್ಪಾಳೆಯ ಸಂಕೇತ ಬಳಸಲೇ ಇಲ್ಲ.

"ಮಾರನೇ ದಿನ ಗಣಿತದ ಹೊತ್ತಿಗೆ ಮತ್ತೆ ಕಿಟಕಿ ನೋಡುತ್ತಿದ್ದ" ಎಂದೂ ಬರೆದಿದ್ದರು. ಅವನ ಕಿವಿ ಪರೀಕ್ಷೆ ಇನ್ನೂ ಆಗಬೇಕಿದೆ. ಒಂದು ಒಳ್ಳೆಯ ದಿನದಿಂದ ಎಲ್ಲವೂ ಸರಿಹೋಗುವುದಿಲ್ಲ. ಆದರೆ ಅವನಿಗೆ ಗಮನವೇ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮಕ್ಕಳ ಬಗ್ಗೆ "ವಿಜ್ಞಾನಿಗಳು ಹೇಳಿದ್ದಾರೆ" ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರು, ಯಾವಾಗ ಹೇಳಿದ್ದು? ಅದು ಮಕ್ಕಳ ಮೇಲಿನ ಅಧ್ಯಯನವೇ? ಇದನ್ನು ನಂಬಿ ಯಾರಾದರೂ ಒಂದು ಮಗುವನ್ನು ಕೈಬಿಡುವ ಸಾಧ್ಯತೆ ಇದೆಯೇ? ಮೂರನೆಯದಕ್ಕೆ ಉತ್ತರ "ಹೌದು" ಎಂದಾದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಬದಲಿಗೆ, ನಿಮ್ಮ ಪರಿಚಯದ ಹೊಸ ಟೀಚರ್ ಯಾರಾದರೂ ಇದ್ದರೆ ಮೇಲಿನ ಏಳು ವಿಷಯಗಳನ್ನು ಕಳಿಸಿ. ನಾಳೆ ಬೆಳಿಗ್ಗೆ ಅವರಿಗೂ ಒಂದನೇ ತರಗತಿ ಇರಬಹುದು.